ನೂಲಿನಲ್ಲಿದೆ ಗಾಳಿಯ ಜಾತಕ

ಧಾರವಾಡದಿಂದ ಬೆಳಗಾವಿಯ ದಿಕ್ಕಿಗೆ ಹೊರಟರೆ ಅರ್ಧ ಗಂಟೆಯ ಹಾದಿಯಲ್ಲಿ ಸಿಗುವ ಗರಗ ಎರಡು ಕಾರಣಕ್ಕೆ ನಾಡಿಗೆ ಪರಿಚಿತ. ಒಂದು ಮಡಿವಾಳೇಶ್ವರರ ಮಠ, ಇನ್ನೊಂದು ರಾಷ್ಟ್ರಧ್ವಜದ ಬಟ್ಟೆ. ಸ್ವಾತಂತ್ರ್ಯ ಹೋರಾಟದಿಂದ ಬಂದವರು 1950ರ ದಶಕದಲ್ಲಿ ಕಟ್ಟಿದ ಇಲ್ಲಿನ ಕ್ಷೇತ್ರೀಯ ಸೇವಾ ಸಂಘದ ಮಗ್ಗಗಳಲ್ಲಿ ಧ್ವಜದ ಖಾದಿ ಸಿದ್ಧವಾಗುತ್ತ ಬಂದಿದೆ. ನೂಲುವವರಲ್ಲೂ ನೇಯುವವರಲ್ಲೂ ಹೆಚ್ಚಿನವರು ಹೆಣ್ಣುಮಕ್ಕಳು. ಹುಬ್ಬಳ್ಳಿಯ ಬೆಂಗೇರಿಯಲ್ಲಿರುವ ಕರ್ನಾಟಕ ಖಾದಿ ಗ್ರಾಮೋದ್ಯೋಗ ಸಂಯುಕ್ತ ಸಂಘ ಖಾದಿಗೆ ಬಣ್ಣ ಕಟ್ಟಿ, ಚಕ್ರ ಮುದ್ರಿಸಿ, ಅಳತೆಗೆ ಹೊಲಿದು ದೇಶಕ್ಕೆಲ್ಲ ಕಳಿಸುತ್ತದೆ. ಭಾರತೀಯ ಮಾನಕಗಳ ಪಟ್ಟಿಯಲ್ಲಿ ಒಂದನೇ ಸಂಖ್ಯೆ ಇರುವುದು ಇದೇ ಧ್ವಜದ ಅಳತೆ, ನೇಯ್ಗೆ, ಬಣ್ಣಗಳ ವಿವರಕ್ಕೆ.

2021ರ ಡಿಸೆಂಬರ್ 30ರಂದು ಕೇಂದ್ರ ಸರ್ಕಾರ ಧ್ವಜಸಂಹಿತೆಯನ್ನು ತಿದ್ದಿತು. ಕೈಯಲ್ಲಿ ನೂತು ನೇಯ್ದ ಬಟ್ಟೆಯ ಜೊತೆಗೆ ಯಂತ್ರದಲ್ಲಿ ತಯಾರಾದ ಪಾಲಿಯೆಸ್ಟರ್ ಧ್ವಜವನ್ನೂ ಹಾರಿಸಬಹುದು ಎಂದಾಯಿತು. ಮುಂದಿನ ವರ್ಷ ಮನೆಮನೆಯಲ್ಲಿ ತಿರಂಗಾ ಹಾರಿತು, ಬೆಂಗೇರಿಯಿಂದ ಮಾತ್ರ ವಿರೋಧದ ದನಿ ಎದ್ದಿತು. ಆ ವಾದ ಜೀವನೋಪಾಯದ್ದು, ಅಭಿಮಾನದ್ದು. ಅದರ ಚರ್ಚೆ ಬೇರೆಯೇ ಇದೆ. ಈ ಅಧ್ಯಾಯಕ್ಕೆ ಬೇಕಾದದ್ದು ಎರಡು ಬಟ್ಟೆಗಳ ನಡುವಿನ ಇನ್ನೊಂದು ವ್ಯತ್ಯಾಸ. ಅದು ಕಣ್ಣಿಗೆ ಕಾಣುವುದಿಲ್ಲ, ಕೈಗೆ ತಾಕುವುದಿಲ್ಲ. ಎರಡೂ ಧ್ವಜಗಳಿಂದ ಒಂದೊಂದು ಎಳೆ ಕಿತ್ತು ಪ್ರಯೋಗಾಲಯಕ್ಕೆ ಕೊಟ್ಟರೆ ಯಾವುದು ಹೊಲದಲ್ಲಿ ಬೆಳೆದದ್ದು, ಯಾವುದು ನೆಲದಾಳದ ಎಣ್ಣೆಯಿಂದ ಬಂದದ್ದು ಎಂದು ಅನುಮಾನಕ್ಕೆ ಎಡೆಯಿಲ್ಲದಂತೆ ಹೇಳಿಬಿಡುತ್ತಾರೆ. ಭೂಮಿ ಬಿಸಿಯಾಗುತ್ತಿರುವುದಕ್ಕೆ ಪ್ರಕೃತಿಯ ಚಕ್ರ ಕಾರಣವೋ ಮನುಷ್ಯನ ಕೆಲಸ ಕಾರಣವೋ ಎಂಬ ಜಗಳದ ಮುಖ್ಯ ಭಾಗವನ್ನು ಬಗೆಹರಿಸಿದ್ದೂ ಇದೇ ಪರೀಕ್ಷೆ.

ಹತ್ತಿಯ ಗಿಡ ತನ್ನ ಮೈಯ ಇಂಗಾಲವನ್ನು ಮಣ್ಣಿನಿಂದ ಎತ್ತಿಕೊಳ್ಳುವುದಿಲ್ಲ, ಗಾಳಿಯಿಂದ ಪಡೆಯುತ್ತದೆ. ಕಾಯಿ ಒಡೆದು ಹೊರಬರುವ ಅರಳೆ ಬಹುಪಾಲು ಸೆಲ್ಯುಲೋಸ್. ಒಂದು ಕಿಲೋ ಅರಳೆಯಲ್ಲಿ ನಾನೂರು ಗ್ರಾಂಗೂ ಹೆಚ್ಚು ಇಂಗಾಲ ಇರುತ್ತದೆ. ಅದಷ್ಟೂ ಆ ಹಂಗಾಮಿನಲ್ಲಿ ಹೊಲದ ಮೇಲೆ ಬೀಸಿದ ಗಾಳಿಯಲ್ಲಿ ಇಂಗಾಲದ ಡೈಆಕ್ಸೈಡ್ ಆಗಿದ್ದದ್ದು. ಹಂಜಿ ಯಾವ ಊರಿನ ಹತ್ತಿಯದೇ ಆಗಿರಲಿ, ಚರಕದಿಂದ ಇಳಿದ ನೂಲು ಆ ವರ್ಷದ ಗಾಳಿಯ ಜಾತಕವನ್ನು ಒಳಗೆ ಬರೆದುಕೊಂಡೇ ಬಂದಿರುತ್ತದೆ.

ಜಾತಕ ಓದುವುದಕ್ಕೆ ಇಂಗಾಲದ ಮೂರು ಬಗೆಗಳು ಗೊತ್ತಿರಬೇಕು. ಇಂಗಾಲ-12 ಎಲ್ಲೆಲ್ಲೂ ಇರುವ ಹಗುರ ಬಗೆ. ಇಂಗಾಲ-13 ಸ್ವಲ್ಪ ಭಾರ, ನೂರಕ್ಕೆ ಒಂದರಷ್ಟು. ಇಂಗಾಲ-14 ಅತ್ಯಪರೂಪ, ಒಂದು ಲಕ್ಷ ಕೋಟಿ ಪರಮಾಣುಗಳಲ್ಲಿ ಹೆಚ್ಚುಕಡಿಮೆ ಒಂದು. ಬಾಹ್ಯಾಕಾಶದಿಂದ ಬರುವ ಕಿರಣಗಳು ಮೇಲಿನ ವಾತಾವರಣದ ಸಾರಜನಕಕ್ಕೆ ಬಡಿದಾಗ ಅದು ಹುಟ್ಟುತ್ತದೆ, ಹುಟ್ಟಿದಾಗಿನಿಂದ ಕ್ಷಯಿಸತೊಡಗುತ್ತದೆ. 5,730 ವರ್ಷಕ್ಕೆ ಅರ್ಧ ಉಳಿಯುತ್ತದೆ, ಮತ್ತಷ್ಟೇ ವರ್ಷಕ್ಕೆ ಕಾಲು. ಐವತ್ತು ಸಾವಿರ ವರ್ಷ ಕಳೆದ ವಸ್ತುವಿನಲ್ಲಿ ಅಳೆಯುವಷ್ಟು ಉಳಿದಿರುವುದಿಲ್ಲ.

ಧಾರವಾಡದ ಪುರಾತತ್ವಜ್ಞರಿಗೆ ಈ ಲೆಕ್ಕ ಹೊಸದಲ್ಲ. ತುಂಗಭದ್ರೆಯ ದಂಡೆಯ ಹಳ್ಳೂರಿನಲ್ಲಿ 1960ರ ದಶಕದ ನಡುವೆ ಎಂ.ಎಸ್. ನಾಗರಾಜರಾವ್ ಉತ್ಖನನ ನಡೆಸಿದರು. ಆಗ ಅದು ಧಾರವಾಡ ಜಿಲ್ಲೆ, ಈಗ ಹಾವೇರಿ. ಕಬ್ಬಿಣದ ವಸ್ತುಗಳು ಸಿಕ್ಕ ಪದರದ ಇದ್ದಿಲು ಮುಂಬಯಿಯ ಟಾಟಾ ಮೂಲಭೂತ ಸಂಶೋಧನಾ ಸಂಸ್ಥೆಗೆ ಹೋಯಿತು. ಅಲ್ಲಿ ಇಂಗಾಲ-14 ಎಣಿಸಿ ಬಂದ ಉತ್ತರ: ಕ್ರಿ.ಪೂ. 1000ದ ಆಸುಪಾಸು. ದಕ್ಷಿಣ ಭಾರತಕ್ಕೆ ಕಬ್ಬಿಣ ಬಂದ ಕಾಲ ಅಲ್ಲಿಯವರೆಗಿನ ಅಂದಾಜಿಗಿಂತ ಎಷ್ಟೋ ಶತಮಾನ ಹಿಂದಕ್ಕೆ ಸರಿಯಿತು.

ಇದೇ ಪರೀಕ್ಷೆಯನ್ನು ಎರಡು ಧ್ವಜಗಳಿಗೆ ಮಾಡಿ ನೋಡಿ. ಖಾದಿಯಲ್ಲಿ ಇಂದಿನ ಗಾಳಿಯಷ್ಟೇ ಇಂಗಾಲ-14 ಇರುತ್ತದೆ. ಪಾಲಿಯೆಸ್ಟರಿನಲ್ಲಿ ಸೊನ್ನೆ. ಅದರ ಮೂಲ ಕಚ್ಚಾತೈಲ, ಕೋಟ್ಯಂತರ ವರ್ಷ ಸಮುದ್ರದಡಿಯ ಬಂಡೆಯಲ್ಲಿ ಹೂತಿದ್ದು ತನ್ನ ಪಾಲಿನ ಇಂಗಾಲ-14 ಅನ್ನು ಯಾವಾಗಲೋ ಕಳೆದುಕೊಂಡದ್ದು. ಕಲ್ಲಿದ್ದಲೂ ಹಾಗೆಯೇ. ರಾಯಚೂರಿನ ಶಕ್ತಿನಗರದಲ್ಲಿ ಉರಿಯುವ ಕಲ್ಲಿದ್ದಲು 25 ಕೋಟಿ ವರ್ಷಕ್ಕೂ ಹಿಂದಿನ ಕಾಡುಗಳ ಅವಶೇಷ.

ಈಗ ಪ್ರಶ್ನೆ ತಾನಾಗಿ ಎದುರು ನಿಲ್ಲುತ್ತದೆ. ಇಷ್ಟೊಂದು ಕಲ್ಲಿದ್ದಲು, ಎಣ್ಣೆ ಸುಟ್ಟ ಹೊಗೆ ಗಾಳಿಗೆ ಸೇರುತ್ತಿದ್ದರೆ ಇಡೀ ವಾತಾವರಣದ ಇಂಗಾಲ-14 ಪ್ರಮಾಣವೇ ತೆಳುವಾಗಬೇಕಲ್ಲ? ಹಾನ್ಸ್ ಸ್ಯೂಸ್ ಎಂಬ ವಿಜ್ಞಾನಿ 1955ರಲ್ಲಿ ಮರದ ಉಂಗುರಗಳನ್ನು ಅಳೆದು ಹೌದು, ತೆಳುವಾಗಿದೆ ಎಂದು ತೋರಿಸಿದರು. ಕೈಗಾರಿಕೆ ಬೆಳೆದ ಮೇಲಿನ ಉಂಗುರಗಳಲ್ಲಿ ಇಂಗಾಲ-14 ಕಡಿಮೆಯಿತ್ತು. ನಡುವೆ ಅಣುಬಾಂಬುಗಳು ಈ ಲೆಕ್ಕವನ್ನು ಕೆಡಿಸಿದವು. ಬಯಲಿನಲ್ಲಿ ಸಿಡಿಸಿದ ಬಾಂಬುಗಳು 1960ರ ದಶಕದ ಮೊದಲಿಗೆ ಉತ್ತರ ಗೋಳಾರ್ಧದ ಇಂಗಾಲ-14 ಅನ್ನು ಸುಮಾರು ಇಮ್ಮಡಿ ಮಾಡಿದವು. ಆ ಕಾಲದ ಗರಗದ ಧ್ವಜವೊಂದು ಯಾರದಾದರೂ ಪೆಟ್ಟಿಗೆಯಲ್ಲಿ ಉಳಿದಿದ್ದರೆ ನೆವಾಡಾ, ನೊವಾಯಾ ಜೆಮ್ಲ್ಯಾಗಳ ಸ್ಫೋಟದ ಗುರುತು ಅದರ ನೂಲಿನಲ್ಲೂ ಇದ್ದೇ ಇರುತ್ತದೆ. 1963ರ ಅಣುಪರೀಕ್ಷೆ ನಿಷೇಧ ಒಪ್ಪಂದದ ಬಳಿಕ ಬಯಲು ಸ್ಫೋಟಗಳು ಬಹುಮಟ್ಟಿಗೆ ನಿಂತವು, ಪ್ರಮಾಣ ಇಳಿಯುತ್ತ ಬಂದು ಈಗ ಹಳೆಯ ಮಟ್ಟ ಮುಟ್ಟಿದೆ. ಇಲ್ಲಿಂದ ಕೆಳಗೆ ಎಳೆಯುತ್ತಿರುವುದು ಕಲ್ಲಿದ್ದಲು, ಎಣ್ಣೆ, ಅನಿಲಗಳ ಹೊಗೆ ಮಾತ್ರ.

ಲಂಡನ್ನಿನ ಇಂಪೀರಿಯಲ್ ಕಾಲೇಜಿನ ಹೆದರ್ ಗ್ರೇವನ್ 2015ರಲ್ಲಿ ಒಂದು ಲೆಕ್ಕ ಪ್ರಕಟಿಸಿದರು. ಇಂಧನ ಸುಡುವುದು ಇದೇ ಓಟದಲ್ಲಿ ಹೆಚ್ಚುತ್ತ ಹೋದರೆ 2050ರಲ್ಲಿ ನೇಯ್ದ ಹೊಸ ಬಟ್ಟೆಯೂ ಸಾವಿರ ವರ್ಷ ಹಳೆಯ ಬಟ್ಟೆಯೂ ಇಂಗಾಲ-14 ಪರೀಕ್ಷೆಯಲ್ಲಿ ಒಂದೇ ವಯಸ್ಸು ತೋರಿಸುತ್ತವೆ. ಆವತ್ತು ಮಗ್ಗದಿಂದ ಇಳಿದ ಖಾದಿ, ಕಲ್ಯಾಣದ ಚಾಲುಕ್ಯ ಒಂದನೆಯ ಸೋಮೇಶ್ವರನ ಕಾಲದ ಉತ್ತರೀಯದ ಹಾಗೆ ಕಾಣಿಸೀತು. ಪುರಾತತ್ವಜ್ಞರಿಗೆ ತಲೆನೋವು, ಹವಾಮಾನ ವಿಜ್ಞಾನಿಗಳಿಗೆ ಪುರಾವೆ.

ಚುರುಕಾದ ಓದುಗರು ಇಲ್ಲೊಂದು ಆಕ್ಷೇಪ ಎತ್ತಬಹುದು, ಎತ್ತಲೇಬೇಕು. ಜ್ವಾಲಾಮುಖಿಯಿಂದ ಬರುವ ಇಂಗಾಲವೂ ಭೂಗರ್ಭದ್ದೇ, ಅದರಲ್ಲೂ ಇಂಗಾಲ-14 ಇರುವುದಿಲ್ಲ. ಹಾಗಿದ್ದರೆ ತಪ್ಪು ಅದರದೇ ಏಕಾಗಬಾರದು? ಉತ್ತರ ಇಂಗಾಲ-13ರಲ್ಲಿದೆ. ಗಿಡಗಳು ಉಸಿರೆಳೆಯುವಾಗ ಹಗುರ ಇಂಗಾಲವನ್ನೇ ಹೆಚ್ಚು ಹೀರುತ್ತವೆ. ಗಿಡಗಳ, ಪಾಚಿಗಳ ಅವಶೇಷವಾದ ಕಲ್ಲಿದ್ದಲು, ಎಣ್ಣೆಗಳಲ್ಲೂ ಇಂಗಾಲ-13 ಕಡಿಮೆ. ಜ್ವಾಲಾಮುಖಿಯ ಅನಿಲ ಹಾಗಲ್ಲ. ಗಾಳಿಯಲ್ಲಿ ಇಂಗಾಲ-13ರ ಪಾಲು ಇಳಿಯುತ್ತಿದೆ. ಅಂದರೆ ಸೇರುತ್ತಿರುವ ಇಂಗಾಲ ಬಹಳ ಹಳೆಯದು, ಜೊತೆಗೆ ಒಂದು ಕಾಲಕ್ಕೆ ಜೀವ ಇದ್ದದ್ದು. ಈ ಎರಡು ಲಕ್ಷಣ ಒಟ್ಟಿಗೆ ಇರುವ ಮೂಲ ಒಂದೇ. ಇದರ ಮೇಲೆ, ಸುಡುವ ಕ್ರಿಯೆಗೆ ಬೇಕಾದ ಆಮ್ಲಜನಕವೂ ಅದೇ ಲೆಕ್ಕದಲ್ಲಿ ಗಾಳಿಯಿಂದ ಇಳಿಯುತ್ತಿದೆ. ಇಳಿಕೆ ಬಲು ಸಣ್ಣದು, ಉಸಿರಾಟಕ್ಕೆ ಭಯವಿಲ್ಲ. ಆದರೆ ಜ್ವಾಲಾಮುಖಿಯೋ ಸಮುದ್ರವೋ ತನ್ನೊಳಗಿನ ಅನಿಲ ಬಿಟ್ಟಿದ್ದರೆ ಆಮ್ಲಜನಕ ಹೀಗೆ ಖರ್ಚಾಗುತ್ತಿರಲಿಲ್ಲ.

ಕಿರಾಣಿ ಅಂಗಡಿಯ ಖಾತೆ ಪುಸ್ತಕದಂತೆ ಜಮಾ-ಖರ್ಚು ಬರೆದರೂ ಇದೇ ಉತ್ತರ. ಪಳೆಯುಳಿಕೆ ಇಂಧನ ಸುಟ್ಟು ಮನುಷ್ಯರು ವರ್ಷಕ್ಕೆ ಬಿಡುತ್ತಿರುವ ಇಂಗಾಲದ ಡೈಆಕ್ಸೈಡ್ ಸುಮಾರು 3,700 ಕೋಟಿ ಟನ್. ಭೂಮಿಯ ಎಲ್ಲ ಜ್ವಾಲಾಮುಖಿಗಳು ಸೇರಿ ಬಿಡುವುದು ಇದರ ನೂರನೇ ಒಂದು ಪಾಲಿಗೂ ಕಡಿಮೆ. ಮನುಷ್ಯರು ಬಿಟ್ಟದ್ದರಲ್ಲಿ ಗಾಳಿಯಲ್ಲಿ ಉಳಿಯುತ್ತಿರುವುದು ಸುಮಾರು ಅರ್ಧ. ಮಿಕ್ಕದ್ದನ್ನು ಕಾಡು, ಮಣ್ಣು, ಸಮುದ್ರ ನುಂಗುತ್ತಿವೆ. ಪ್ರಕೃತಿ ಒಟ್ಟಾರೆ ಕೊಡುತ್ತಿಲ್ಲ, ತೆಗೆದುಕೊಳ್ಳುತ್ತಿದೆ. ಸಮುದ್ರವೇ ಅನಿಲ ಹೊರಹಾಕುತ್ತಿದ್ದರೆ ಅದರ ನೀರು ವರ್ಷವರ್ಷಕ್ಕೆ ಆಮ್ಲೀಯವಾಗುತ್ತಿರಲಿಲ್ಲ. ಹವಾಯಿಯ ಮೌನಾ ಲೋವಾ ಬೆಟ್ಟದಲ್ಲಿ ಚಾರ್ಲ್ಸ್ ಕೀಲಿಂಗ್ 1958ರಲ್ಲಿ ಅಳೆಯಲು ಕೂತಾಗ ಗಾಳಿಯ ಹತ್ತು ಲಕ್ಷ ಭಾಗದಲ್ಲಿ 315 ಭಾಗ ಇಂಗಾಲದ ಡೈಆಕ್ಸೈಡ್ ಇತ್ತು. 2024ರ ಸರಾಸರಿ 424 ದಾಟಿತು. ಕೈಗಾರಿಕಾ ಕಾಲಕ್ಕೆ ಮುಂಚೆ ಅದು 280ರ ಆಸುಪಾಸಿನಲ್ಲಿತ್ತು. ಅಂಟಾರ್ಕ್ಟಿಕಾದ ಹಿಮದಲ್ಲಿ ಸಿಕ್ಕಿಬಿದ್ದ ಗಾಳಿಗುಳ್ಳೆಗಳ ಪ್ರಕಾರ ಕೈಗಾರಿಕೆಗೆ ಹಿಂದಿನ ಎಂಟು ಲಕ್ಷ ವರ್ಷಗಳಲ್ಲಿ ಎಂದೂ 300ನ್ನು ಮೀರಿ ಗಮನಾರ್ಹವಾಗಿ ಏರಿರಲಿಲ್ಲ.

ಧಾರವಾಡದ ಹತ್ತಿಗೂ ಈ ಏರಿಕೆಯ ಮೊದಲ ಅಧ್ಯಾಯಕ್ಕೂ ನಂಟಿದೆ. 1840ರ ದಶಕದಲ್ಲಿ ಈಸ್ಟ್ ಇಂಡಿಯಾ ಕಂಪನಿ ಅಮೆರಿಕದ ಬೀಜವನ್ನು ಈ ಎರೆಹೊಲಗಳಿಗೆ ತಂದಿತು, ‘ಧಾರವಾರ್-ಅಮೆರಿಕನ್’ ಎಂಬ ಹೆಸರಿನ ಹತ್ತಿ ಬೆಳೆಯಿತು. 1861ರಿಂದ 1865ರವರೆಗಿನ ಅಮೆರಿಕದ ಅಂತರ್ಯುದ್ಧದಲ್ಲಿ ಅಲ್ಲಿನ ಹತ್ತಿ ನಿಂತಾಗ ಲ್ಯಾಂಕಾಶೈರಿನ ಗಿರಣಿಗಳು ಇತ್ತ ಮುಖ ಮಾಡಿದವು. ಎತ್ತಿನ ಗಾಡಿಗಳಲ್ಲಿ ಘಟ್ಟ ಇಳಿದು ಕುಮಟಾ ಬಂದರು ಸೇರಿದ ಅರಳೆ ಸಾಗಿ ಮುಟ್ಟುತ್ತಿದ್ದುದು ಕಲ್ಲಿದ್ದಲಿನ ಉಗಿಯಿಂದ ತಿರುಗುವ ಕದಿರುಗಳನ್ನು. ಆ ಗಿರಣಿಗಳು ಮುಚ್ಚಿ ಎಷ್ಟೋ ಕಾಲವಾಯಿತು, ಅವುಗಳ ಹೊಗೆಯ ಒಂದಷ್ಟು ಭಾಗ ಇನ್ನೂ ಗಾಳಿಯಲ್ಲಿದೆ. ಹೊರಬಿಟ್ಟ ಇಂಗಾಲದ ಡೈಆಕ್ಸೈಡಿನಲ್ಲಿ ಐದನೇ ಒಂದು ಪಾಲಿನಷ್ಟು ಸಾವಿರಾರು ವರ್ಷ ಉಳಿದುಬಿಡುತ್ತದೆ. ತಪ್ಪು ಮನುಷ್ಯರದು ಎಂದಾಗ ಮನುಷ್ಯರೆಲ್ಲರ ಪಾಲೂ ಸಮ ಎಂದು ತಿಳಿಯಬೇಕಿಲ್ಲ.

ಆದರೂ ಹಳ್ಳಿಯ ಕಟ್ಟೆಯ ಮೇಲೆ ಕೂತ ಹಿರಿಯರು ಕೇಳುವ ಮಾತು ಹುಸಿಯಲ್ಲ: ಕಾಲ ಯಾವತ್ತು ಒಂದೇ ಥರ ಇತ್ತು? ಧಾರವಾಡದ ಹೆಸರನ್ನೇ ಹೊತ್ತ ಶಿಲಾಸ್ತೋಮವನ್ನು ಹತ್ತೊಂಬತ್ತನೇ ಶತಮಾನದ ಕೊನೆಯಲ್ಲಿ ಭೂವಿಜ್ಞಾನಿ ರಾಬರ್ಟ್ ಬ್ರೂಸ್ ಫೂಟ್ ಗುರುತಿಸಿದರು. ಅದರ ವಯಸ್ಸು 250 ಕೋಟಿ ವರ್ಷಕ್ಕೂ ಹೆಚ್ಚು; ಆ ಕಾಲದ ಗಾಳಿಯಲ್ಲಿ ಆಮ್ಲಜನಕವೇ ಇರಲಿಲ್ಲ ಎನ್ನಬೇಕು. ಉತ್ತರಕ್ಕೆ ಬೆಳಗಾವಿಯ ಕರಿಕಲ್ಲು 6.6 ಕೋಟಿ ವರ್ಷಗಳ ಹಿಂದಿನ ಲಾವಾ. ಹವಾಮಾನ ಬದಲಾಗುವುದು ಸಹಜವೇ. ಈಗ ಆಗುತ್ತಿರುವ ಬದಲಾವಣೆಗೆ ಆ ಸಹಜ ಕಾರಣಗಳಲ್ಲಿ ಯಾವುದಾದರೂ ಹೊಂದುತ್ತದೆಯೇ ಎಂಬುದಷ್ಟೇ ಕೇಳಬೇಕಾದ್ದು.

ಭೂಮಿಯ ದೊಡ್ಡ ಚಕ್ರಗಳಲ್ಲಿ ಒಂದನ್ನು ನಾವು ಪ್ರತಿ ಸಂಕ್ರಾಂತಿಗೆ ಕಾಣುತ್ತೇವೆ, ಕಂಡರೂ ಗಮನಿಸುವುದಿಲ್ಲ. ಸೂರ್ಯ ನಿಜವಾಗಿ ಉತ್ತರಕ್ಕೆ ಹೊರಳುವುದು ಡಿಸೆಂಬರ್ 21-22ಕ್ಕೆ. ಎಳ್ಳು-ಬೆಲ್ಲ ಹಂಚುವುದು ಜನವರಿ 14 ಅಥವಾ 15ಕ್ಕೆ. ಸುಮಾರು 1,700 ವರ್ಷಗಳ ಹಿಂದೆ ಈ ಎರಡೂ ಒಂದೇ ದಿನ ಬೀಳುತ್ತಿದ್ದವು. ಭೂಮಿಯ ಅಕ್ಷ 26,000 ವರ್ಷಕ್ಕೊಮ್ಮೆ ಬುಗುರಿಯಂತೆ ಒಂದು ಸುತ್ತು ತೂಗುವುದರಿಂದ ನಕ್ಷತ್ರಗಳ ಲೆಕ್ಕದ ದಿನ ಸುಮಾರು 72 ವರ್ಷಕ್ಕೆ ಒಂದರಂತೆ ಮುಂದಕ್ಕೆ ಸರಿಯುತ್ತದೆ. ಸ್ವಾಮಿ ವಿವೇಕಾನಂದರು ಹುಟ್ಟಿದ್ದು ಮಕರ ಸಂಕ್ರಾಂತಿಯಂದು, 1863ರ ಜನವರಿ 12ಕ್ಕೆ. ಅಲ್ಲಿಂದಿಲ್ಲಿಗೆ ಹಬ್ಬ ಎರಡು ದಿನ ಜರುಗಿದೆ. ರೋಹಿಣಿ, ಮೃಗಶಿರ, ಆರಿದ್ರ ಎಂದು ರೈತರು ಎಣಿಸುವ ಮಳೆಗಳೂ ಇದೇ ಲೆಕ್ಕಕ್ಕೆ ಕಟ್ಟುಬಿದ್ದವು. ಇಂದು ಜೂನ್ 7-8ರ ಸುಮಾರಿಗೆ ಹೂಡುವ ಮೃಗಶಿರ ಮಳೆ, ಸಂಕ್ರಾಂತಿ ಡಿಸೆಂಬರಿನಲ್ಲೇ ಬೀಳುತ್ತಿದ್ದ ಆ ಕಾಲಕ್ಕೆ ಮೇ ಮಧ್ಯದಲ್ಲೇ ಹೂಡುತ್ತಿತ್ತು.

ಈ ತೂಗಾಟ ಬರೀ ಪಂಚಾಂಗದ ವಿಷಯವಲ್ಲ. ಭೂಮಿಯ ಕಕ್ಷೆಯ ಇತರ ಏರಿಳಿತಗಳ ಜೊತೆ ಸೇರಿ ಅದು ಹಿಮಯುಗಗಳನ್ನು ತಂದಿದೆ, ಕೊಂಡೊಯ್ದಿದೆ. ಸರ್ಬಿಯಾದ ಮಿಲುಟಿನ್ ಮಿಲಾಂಕೊವಿಚ್ ಇಪ್ಪತ್ತನೇ ಶತಮಾನದ ಮೊದಲರ್ಧದಲ್ಲಿ ಇದರ ಗಣಿತ ಹಾಕಿದರು. ಸುಮಾರು ಹನ್ನೊಂದು ಸಾವಿರ ವರ್ಷಗಳ ಹಿಂದೆ ಭೂಮಿ ಸೂರ್ಯನಿಗೆ ಅತಿ ಹತ್ತಿರ ಬರುತ್ತಿದ್ದದ್ದು ನಮ್ಮ ಬೇಸಿಗೆಯಲ್ಲಿ. ಹಾಗಾಗಿ ಮುಂಗಾರು ಇಂದಿಗಿಂತ ಬಲವಾಗಿತ್ತು. ಈಗ ಹತ್ತಿರ ಬರುವುದು ಜನವರಿಯ ಮೊದಲ ವಾರ. ಉತ್ತರ ಗೋಳಾರ್ಧದ ಬೇಸಿಗೆಯ ಬಿಸಿಲು ಸಾವಿರಾರು ವರ್ಷಗಳಿಂದ ನಿಧಾನಕ್ಕೆ ತಗ್ಗುತ್ತಿದೆ. ಚಕ್ರದ ಮಾತನ್ನು ನಂಬುವುದಾದರೆ ಭೂಮಿ ತುಸು ತಣ್ಣಗಾಗುತ್ತ ಹೋಗಬೇಕಿತ್ತು, ಹತ್ತೊಂಬತ್ತನೇ ಶತಮಾನದವರೆಗೆ ಹಾಗೇ ಆಗುತ್ತಲೂ ಇತ್ತು. ಇನ್ನು ವೇಗ ನೋಡಿ. ಹಿಮಯುಗ ಮುಗಿಯುವಾಗ ಇಂಗಾಲದ ಡೈಆಕ್ಸೈಡ್ ನೂರು ಭಾಗ ಏರಲು ಸಾವಿರಾರು ವರ್ಷ ಬೇಕಾಯಿತು. ಈಗಿನ ನೂರು ಭಾಗ ಏರಿದ್ದು ಒಬ್ಬ ಸರ್ಕಾರಿ ನೌಕರ ಹುಟ್ಟಿ ನಿವೃತ್ತಿಯಾಗುವಷ್ಟರಲ್ಲಿ.

ಸೂರ್ಯನ ಮೇಲಿನ ಅನುಮಾನವನ್ನು ಬೇಗ ಮುಗಿಸಬಹುದು. ಬೆಂಗಳೂರಿನ ಭಾರತೀಯ ಖಭೌತ ಸಂಸ್ಥೆಗೆ ಸೇರಿದ ಕೊಡೈಕನಾಲ್ ವೀಕ್ಷಣಾಲಯ ನೂರು ವರ್ಷಕ್ಕೂ ಮಿಕ್ಕಿ ಸೌರಕಲೆಗಳ ಚಿತ್ರ ತೆಗೆಯುತ್ತ ಬಂದಿದೆ. ಉಪಗ್ರಹಗಳು 1978ರಿಂದ ಸೂರ್ಯನ ಶಾಖವನ್ನು ನೇರವಾಗಿ ಅಳೆಯುತ್ತಿವೆ. ಹನ್ನೊಂದು ವರ್ಷದ ಏರಿಳಿತ ಇದೆ, ಒಟ್ಟು ಏರಿಕೆ ಇಲ್ಲ. ಅದಕ್ಕಿಂತ ಗಟ್ಟಿ ಸಾಕ್ಷಿ ಮೇಲುಗಾಳಿಯದು. ಬಿಸಿ ಸೂರ್ಯನಿಂದ ಬಂದಿದ್ದರೆ ವಾತಾವರಣ ಕೆಳಗಿನಿಂದ ಮೇಲಿನವರೆಗೆ ಕಾಯಬೇಕು. ಇಂಗಾಲದ ಡೈಆಕ್ಸೈಡಿನಿಂದ ಬಂದಿದ್ದರೆ ಕೆಳಪದರ ಕಾದು, ಸ್ತರಗೋಳ ತಣಿಯಬೇಕು. ಸ್ಯುಕುರೊ ಮನಾಬೆ ಮತ್ತು ರಿಚರ್ಡ್ ವೆದರಾಲ್ಡ್ 1967ರಲ್ಲೇ ಹೀಗಾಗುತ್ತದೆ ಎಂದು ಲೆಕ್ಕ ಹಾಕಿದ್ದರು. ಆದದ್ದು ಹಾಗೆಯೇ. ಮನಾಬೆಗೆ 2021ರಲ್ಲಿ ಭೌತವಿಜ್ಞಾನದ ನೊಬೆಲ್ ಬಂತು.

ಹಾಗೆಂದು ಪ್ರತಿಯೊಂದು ಬರವನ್ನೂ ಹೊಗೆಯ ಲೆಕ್ಕಕ್ಕೆ ಬರೆಯುವುದು ಇನ್ನೊಂದು ಬಗೆಯ ಅವಸರ. ಧಾರವಾಡ, ವಿಜಯಪುರ, ಮೈಸೂರು ಸೀಮೆಗಳನ್ನು 1876ರಿಂದ 1878ರವರೆಗೆ ನುಂಗಿದ ಮಹಾಕ್ಷಾಮದ ಹೊತ್ತಿಗೆ ಗಾಳಿಯಲ್ಲಿ ಇಂಗಾಲದ ಡೈಆಕ್ಸೈಡ್ 290 ಭಾಗದಷ್ಟಿತ್ತು. ಪೆಸಿಫಿಕ್ ಸಾಗರದ ಭಾರೀ ಎಲ್ ನಿನೊ ಮಳೆಯನ್ನು ತಡೆಯಿತು. ಆಳುವವರ ಧೋರಣೆ ಹಸಿವನ್ನು ಸಾವಾಗಿಸಿತು. ಮೈಸೂರು ಸಂಸ್ಥಾನದ ಜನರಲ್ಲಿ ಸುಮಾರು ಐದನೇ ಒಂದು ಭಾಗ ಅಳಿಯಿತು. ನೈಸರ್ಗಿಕ ಚಕ್ರಕ್ಕೆ ಕೊಲ್ಲುವ ಶಕ್ತಿ ಇದೆ ಎಂಬುದಕ್ಕೆ ಈ ನಾಡಿಗಿಂತ ಬೇರೆ ಸಾಕ್ಷಿ ಬೇಡ. 2023ರಲ್ಲಿ ಮತ್ತೆ ಎಲ್ ನಿನೊ ಬಂದಿತು. ಆ ಆಗಸ್ಟ್ ದೇಶಕ್ಕೆ 1901ರಿಂದೀಚೆಗೆ ಅತಿ ಒಣ ಆಗಸ್ಟ್ ಆಯಿತು, ಕರ್ನಾಟಕದ 236 ತಾಲ್ಲೂಕುಗಳಲ್ಲಿ 223 ಬರಪೀಡಿತ ಎಂದು ಘೋಷಣೆಯಾದವು. ಮಳೆ ಕೈಕೊಟ್ಟದ್ದರಲ್ಲಿ ಎಲ್ ನಿನೊ ಪಾತ್ರ ದೊಡ್ಡದು. ಆದರೆ ಎಲ್ ನಿನೊ ಬರುತ್ತದೆ, ಹೋಗುತ್ತದೆ. ಸಾಗರ ಮತ್ತು ಗಾಳಿಯ ನಡುವೆ ಇರುವ ಶಾಖವನ್ನೇ ಅದು ಅತ್ತಿತ್ತ ಹೊರಳಿಸುತ್ತದೆ. ಒಂದೂವರೆ ಶತಮಾನದ ಏರಿಕೆಯನ್ನು ಅದು ಸೃಷ್ಟಿಸಲಾರದು.

ಭಾರತದ ಲೆಕ್ಕದಲ್ಲಿ ಒಂದು ತೊಡಕೂ ಇದೆ, ಅದನ್ನು ಮುಚ್ಚಿಡಬಾರದು. ಪುಣೆಯ ಉಷ್ಣವಲಯ ಹವಾಮಾನ ಸಂಸ್ಥೆಯ ವಿಜ್ಞಾನಿಗಳು ಭೂವಿಜ್ಞಾನ ಸಚಿವಾಲಯಕ್ಕಾಗಿ ಸಿದ್ಧಪಡಿಸಿದ 2020ರ ವರದಿಯಂತೆ 1901ರಿಂದ 2018ರವರೆಗೆ ದೇಶದ ಸರಾಸರಿ ತಾಪ ಏರಿದ್ದು ಸುಮಾರು 0.7 ಡಿಗ್ರಿ ಸೆಲ್ಸಿಯಸ್. ಜಗತ್ತಿನ ನೆಲಭಾಗಗಳ ಸರಾಸರಿಗಿಂತ ಇದು ಕಡಿಮೆ. ಕಾರಣಗಳಲ್ಲಿ ಒಂದು ನಮ್ಮದೇ ಹೊಗೆ ಮತ್ತು ದೂಳು: ಗಾಳಿಯಲ್ಲಿ ತೇಲುವ ಸಣ್ಣ ಕಣಗಳು ಬಿಸಿಲನ್ನು ಅಷ್ಟಿಷ್ಟು ತಡೆಯುತ್ತವೆ. ಅವೇ ಕಣಗಳು ಮುಂಗಾರನ್ನೂ ದುರ್ಬಲಗೊಳಿಸಿವೆ ಎಂದು ಅದೇ ವರದಿ ಹೇಳುತ್ತದೆ. 1951ರಿಂದ 2015ರ ನಡುವೆ ದೇಶದ ಮುಂಗಾರು ಮಳೆ ಶೇ 6ರಷ್ಟು ತಗ್ಗಿದೆ. ಊರುಗಳ ಗಾಳಿ ಶುದ್ಧವಾಗಲೇಬೇಕು, ಆದಾಗ ಅಡಗಿದ್ದ ಬಿಸಿಯ ಒಂದು ಪಾಲು ಹೊರಬರುತ್ತದೆ. ಹಾಗಾಗಿ ಇಲ್ಲಿನ ಏರಿಕೆ ಸಣ್ಣದೆಂದು ಸಮಾಧಾನಪಡುವಂತಿಲ್ಲ.

ಎಲ್ಲ ಸಾಕ್ಷಿಗಳನ್ನೂ ಒಟ್ಟು ಹಾಕಿ ವಿಶ್ವಸಂಸ್ಥೆಯ ಹವಾಮಾನ ಸಮಿತಿ 2021ರಲ್ಲಿ ಕೊಟ್ಟ ತೀರ್ಪಿನಲ್ಲಿ ಹೆಚ್ಚು ಮಾತಿಲ್ಲ. 1850-1900ರ ಹೋಲಿಕೆಯಲ್ಲಿ 2010-2019ರ ಹೊತ್ತಿಗೆ ಭೂಮಿ ಬಿಸಿಯಾದದ್ದು 1.06 ಡಿಗ್ರಿ, ಅದರಲ್ಲಿ ಮನುಷ್ಯರ ಪಾಲಿನ ಅತ್ಯುತ್ತಮ ಅಂದಾಜು 1.07 ಡಿಗ್ರಿ. ಸೂರ್ಯ, ಜ್ವಾಲಾಮುಖಿಗಳ ಪಾಲು ಸೊನ್ನೆಯ ಆಚೀಚೆ 0.1 ಡಿಗ್ರಿಯೊಳಗೆ. ಅರ್ಧ ಇದು, ಅರ್ಧ ಅದು ಎಂದು ರಾಜಿ ಪಂಚಾಯಿತಿ ಮಾಡಲು ಇಲ್ಲಿ ಜಾಗವಿಲ್ಲ.

2024 ಇಡೀ ಭೂಮಿಗೆ ಅಳತೆ ಶುರುವಾದಂದಿನಿಂದ ಅತಿ ಬಿಸಿ ವರ್ಷ, ಭಾರತಕ್ಕೂ 1901ರಿಂದೀಚೆಗೆ ಅತಿ ಬಿಸಿ ವರ್ಷ. ಅದಕ್ಕೆ ಎಲ್ ನಿನೊ ಕೈಜೋಡಿಸಿತ್ತು ನಿಜ. ಮುಂದಿನ ಜನವರಿಯ ಹೊತ್ತಿಗೆ ಎಲ್ ನಿನೊ ಹೋಗಿ, ಪೆಸಿಫಿಕ್ಕಿನಲ್ಲಿ ತಂಪಿನ ಲಾ ನಿನಾ ಕಾಲಿಟ್ಟಿತ್ತು. ಹಾಗಿದ್ದೂ 2025ರ ಜನವರಿ, ಅಲ್ಲಿಯವರೆಗಿನ ಎಲ್ಲ ಜನವರಿಗಳಿಗಿಂತ ಬಿಸಿಯಾಗಿ ದಾಖಲಾಯಿತು.